ಟ್ರಕ್ಕಿನಿಂದ ಇಳಿಯುವ ಭಾರ

ವಾರಾಂತ್ಯದಲ್ಲಿ ಇಂಡಿಯನ್ ಸ್ಟೋರಿಗೆ ಹೋದಾಗ ಒಂದು ಅಕ್ಕಿ ಚೀಲವನ್ನು ಕಾರಿಗೆ ಹಾಕುವಷ್ಟರಲ್ಲೇ ನಮಗೆ ಸೊಂಟ ಹಿಡಿದಂತಾಗುತ್ತದೆ. ಅಂತಹ ನೂರಾರು ಚೀಲಗಳನ್ನು ಟ್ರಕ್ಕಿನಿಂದ ಇಳಿಸುವವರ ಪಾಡು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಅಂಗಡಿ, ಗೋದಾಮುಗಳಲ್ಲಿ ದುಡಿಯುವ ನಮ್ಮವರೂ ಇದ್ದಾರೆ.

40 ಪೌಂಡ್ ಏನು ಮಹಾ ಎನ್ನಬೇಡಿ. ಅಮೆರಿಕ ಸರ್ಕಾರದ ಸಂಶೋಧನಾ ಸಂಸ್ಥೆ ನಯಾಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಎತ್ತಬಹುದಾದ ಮಿತಿ 51 ಪೌಂಡ್, ಅಂದರೆ 23 ಕೆ.ಜಿ. ಇದು ಭಾರ ಮೈಗೆ ಹತ್ತಿರವಿದ್ದಾಗ ಮಾತ್ರ. ಹಿಡಿದ ಕೈಗಳು ಕಾಲಿನ ಹಿಮ್ಮಡಿಗಂಟಿನಿಂದ 10 ಇಂಚಿನ ಬದಲು 20 ಇಂಚು ಮುಂದಿದ್ದರೆ ಮಿತಿ ಅರ್ಧಕ್ಕಿಳಿದು 25.5 ಪೌಂಡ್ ಆಗುತ್ತದೆ. ನೆಲದಿಂದ ಎತ್ತಿದರೆ, ಸೊಂಟ ತಿರುಗಿಸಿದರೆ, ಮತ್ತೆ ಮತ್ತೆ ಎತ್ತಿದರೆ ಇನ್ನೂ ಕಡಿಮೆ. ಆದ್ದರಿಂದ ಚೀಲವನ್ನು ಮೈಗೆ ಒತ್ತಿ ಹಿಡಿಯಬೇಕು. ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಬೇಕು. ಸಾಧ್ಯವಾದಲ್ಲೆಲ್ಲ ತಳ್ಳುಗಾಡಿ ಬಳಸಬೇಕು.

ಅಪಾಯ ತೂಕದಲ್ಲಷ್ಟೇ ಇಲ್ಲ. ದಾರಿಯಲ್ಲಿ ಸರಿದ ಸಾಮಾನು ಬಾಗಿಲಿಗೆ ಒರಗಿರಬಹುದು. ಪಕ್ಕಕ್ಕೆ ನಿಂತು, ನಿಧಾನವಾಗಿ ಬಾಗಿಲು ತೆಗೆಯಿರಿ. ಫೋರ್ಕ್‌ಲಿಫ್ಟ್ ಒಳಹೊರಗೆ ಓಡಾಡುವಾಗ ಟ್ರಕ್ ಮುಂದಕ್ಕೆ ಜರುಗಿ, ಕಟ್ಟೆಗೂ ಟ್ರಕ್ಕಿಗೂ ನಡುವೆ ಸಂದು ಬೀಳಬಹುದು. ಅದಕ್ಕೇ ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕೆಂದು ಓಷಾ ನಿಯಮವಿದೆ.

ಆದರೂ ಪೆಟ್ಟಾದರೆ? "ಸ್ವಲ್ಪ ಉಳುಕಿದೆ, ನಾಳೆ ಸರಿಹೋಗುತ್ತೆ" ಎಂದು ಸುಮ್ಮನಾಗುವುದೇ ನಾವು ಮಾಡುವ ದೊಡ್ಡ ತಪ್ಪು. ಅದೇ ದಿನ ಮೇಲಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೆಲಸದಲ್ಲೇ ಆದ ಪೆಟ್ಟೆಂದು ವೈದ್ಯರಿಗೂ ಹೇಳಿ. ವರ್ಕರ್ಸ್ ಕಾಂಪೆನ್ಸೇಶನ್ ವಿಮೆಯಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಚಿಕಿತ್ಸೆಯ ವೆಚ್ಚ, ಕಳೆದುಕೊಂಡ ಸಂಬಳದ ಒಂದು ಭಾಗ ಸಿಗುತ್ತದೆ. ತಿಳಿಸಲು ಇರುವ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಖಾಸಗಿ ಮಾಲೀಕರು ಈ ವಿಮೆ ಮಾಡಿಸದೆಯೂ ಇರಬಹುದು; ಕೆಲಸಕ್ಕೆ ಸೇರುವಾಗಲೇ ಕೇಳಿ ತಿಳಿದುಕೊಳ್ಳಿ. ಪೆಟ್ಟಿನ ವಿಷಯ ತಿಳಿಸಿದ್ದಕ್ಕೆ ಕೆಲಸದಿಂದ ತೆಗೆದರೆ 30 ದಿನಗಳೊಳಗೆ ಓಷಾಗೆ ದೂರು ಕೊಡಬಹುದು.

ಇನ್ನೊಂದು ಮಾತು. ನಮ್ಮ ಕಾರ್ಯಕ್ರಮಗಳಿಗೆ ಬಾಡಿಗೆ ಟ್ರಕ್ಕಿನಿಂದ ಕುರ್ಚಿ, ಸ್ಪೀಕರ್, ಅಡುಗೆ ಪಾತ್ರೆ ಇಳಿಸುವವರು ನಾವೇ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಈ ವಿಮೆಯ ರಕ್ಷಣೆ ಇರುವುದಿಲ್ಲ. ಉತ್ಸಾಹದಲ್ಲಿ ಒಬ್ಬರೇ ಎತ್ತುವ ಸಾಹಸ ಬೇಡ. "ಸ್ವಲ್ಪ ಕೈ ಹಾಕ್ತೀರಾ?" ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಸೇವೆಗೆ ಬಂದವರೆಲ್ಲ ನೆಟ್ಟಗೆ ನಡೆದುಕೊಂಡೇ ಮನೆಗೆ ಮರಳಲಿ.