ಮೊದಲ ಎರಡು ನಿಮಿಷ: ವಿದ್ಯಾರ್ಥಿ ಚಿತ್ರದ ಆರಂಭಕ್ಕೆ ಬೇಕಾದ ಸಿದ್ಧತೆ

ಬ್ರಿಟನ್ನಿನಲ್ಲಿ ಎ-ಲೆವೆಲ್ ಎಂದು ಕರೆಯುವ, ಸರಿಸುಮಾರು ನಮ್ಮ ಪದವಿಪೂರ್ವ ತರಗತಿಗಳಿಗೆ ಸಮನಾದ ಹಂತದಲ್ಲಿ ಮಾಧ್ಯಮ ಅಧ್ಯಯನವೂ ಒಂದು ಐಚ್ಛಿಕ ವಿಷಯವಾಗಿದ್ದು, ಅದನ್ನು ಆಯ್ದುಕೊಂಡವರು ಪರೀಕ್ಷೆ ಬರೆಯುವುದರ ಜೊತೆಗೆ ಒಂದು ಮಾಧ್ಯಮ ಕೃತಿಯನ್ನು ತಾವೇ ತಯಾರಿಸಬೇಕಾಗುತ್ತದೆ. ಅಲ್ಲಿನ ಓಸಿಆರ್ ಎಂಬ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳ ಮುಂದಿದ್ದ ಕೆಲಸಗಳಲ್ಲಿ ಒಂದು ವಿಶಿಷ್ಟವಾದುದಾಗಿತ್ತು: ಹೊಸದೊಂದು ಕಥಾಚಿತ್ರವನ್ನು ಕಲ್ಪಿಸಿಕೊಂಡು, ಅದರ ಶೀರ್ಷಿಕೆಗಳನ್ನೂ ಆರಂಭದ ಭಾಗವನ್ನೂ ಮಾತ್ರ ಎರಡು ನಿಮಿಷ ಮೀರದಂತೆ ಚಿತ್ರಿಸುವುದು. ಹಕ್ಕುಸ್ವಾಮ್ಯದ ತೊಡಕಿಲ್ಲದ ಸಂಗೀತ ಮತ್ತು ಧ್ವನಿಗಳನ್ನು ಬಿಟ್ಟರೆ ಮಿಕ್ಕೆಲ್ಲವೂ ವಿದ್ಯಾರ್ಥಿಗಳ ಸ್ವಂತದ್ದೇ ಆಗಿರಬೇಕೆಂಬುದು ನಿಯಮ. ನೂರು ಅಂಕಗಳಲ್ಲಿ 60 ನಿರ್ಮಾಣಕ್ಕೂ, 20 ಸಂಶೋಧನೆ ಮತ್ತು ಯೋಜನೆಗೂ, ಉಳಿದ 20 ಮುಗಿದ ಕೆಲಸವನ್ನು ಕುರಿತ ವಿಮರ್ಶೆಗೂ ಮೀಸಲಾಗಿದ್ದವು. ಸಂಶೋಧನೆಗೆ ಐದರಲ್ಲೊಂದು ಪಾಲು ಮಾತ್ರ ಎಂದು ಇದನ್ನು ಓದಿಕೊಂಡವರು ಕ್ಯಾಮೆರಾ ಹಿಡಿದು ನೇರವಾಗಿ ಬೀದಿಗಿಳಿಯುವ ಸಾಧ್ಯತೆ ಇದೆ. ಆದರೆ ನಿರ್ಮಾಣದ ಅರವತ್ತರ ಗತಿಯೂ ಬಹುಮಟ್ಟಿಗೆ ಆ ಇಪ್ಪತ್ತರಲ್ಲೇ ತೀರ್ಮಾನವಾಗಿಬಿಡುತ್ತದೆ.

ಸೆಕೆಂಡಿಗೆ 25 ಚೌಕಟ್ಟುಗಳು ಎಂಬ ಬ್ರಿಟಿಷ್ ವಿಡಿಯೊ ಲೆಕ್ಕದಲ್ಲಿ ಎರಡು ನಿಮಿಷವೆಂದರೆ 3000 ಚೌಕಟ್ಟುಗಳು. ಇಷ್ಟರಲ್ಲಿ ಕಥೆಯನ್ನೆಲ್ಲ ಹೇಳಿ ಮುಗಿಸಿದರೆ ಅದು ಕಿರುಚಿತ್ರವಾಗುತ್ತದೆ, ಕಥೆಯ ರೋಚಕ ತುಣುಕುಗಳನ್ನು ಪೋಣಿಸಿದರೆ ಟ್ರೇಲರ್ ಆಗುತ್ತದೆ. ಕೇಳಿದ್ದು ಇವೆರಡೂ ಅಲ್ಲ. ಆರಂಭದ ಕೆಲಸವೆಂದರೆ ನೋಡುಗನನ್ನು ಒಂದು ಲೋಕದೊಳಗೆ ಕೂರಿಸಿ, ಆ ಲೋಕದ ಬಗ್ಗೆ ಅವನ ಮನಸ್ಸಿನಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಹುಟ್ಟಿಸುವುದು. ಫ್ರೆಂಚ್ ಚಿಂತಕ ರೊಲಾಂ ಬಾರ್ತ್ 1970ರ ತನ್ನ ‘ಎಸ್/ಜೆಡ್’ ಗ್ರಂಥದಲ್ಲಿ ಕಥನವನ್ನು ನಡೆಸುವ ಐದು ಸಂಕೇತಗಳನ್ನು ಗುರುತಿಸಿದ್ದು, ಒಗಟನ್ನು ಒಡ್ಡಿ ಉತ್ತರವನ್ನು ಮುಂದೂಡುತ್ತ ಹೋಗುವ ಸಂಕೇತ ಅವುಗಳಲ್ಲೊಂದು. ಆದ್ದರಿಂದ ಸಂಶೋಧನೆಗೆ ತೊಡಗುವ ವಿದ್ಯಾರ್ಥಿ ಪ್ರಸಿದ್ಧ ಆರಂಭಗಳನ್ನು ನೋಡುವಾಗ ‘ಇಲ್ಲಿ ಏನನ್ನು ತೋರಿಸಿದ್ದಾರೆ’ ಎಂದು ಕೇಳಿದರೆ ಸಾಲದು, ‘ಏನನ್ನು ತಡೆಹಿಡಿದಿದ್ದಾರೆ, ಎಷ್ಟು ಹೊತ್ತು’ ಎಂದೂ ಕೇಳಬೇಕು.

ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೊವೀನ್’ (1978) ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಶೀರ್ಷಿಕೆಗಳು ಮುಗಿದ ಮೇಲೆ 1963ರ ಒಂದು ರಾತ್ರಿ, ಅಮೆರಿಕದ ಸಣ್ಣ ಊರೊಂದರ ಮನೆಯ ಕಡೆಗೆ ಕ್ಯಾಮೆರಾ ಸಾಗುತ್ತದೆ, ಕಿಟಕಿಯಲ್ಲಿ ಇಣುಕುತ್ತದೆ, ಪಕ್ಕದಿಂದ ಸುತ್ತಿ ಅಡುಗೆಮನೆಗೆ ಹೊಕ್ಕು, ಒಂದು ಕೈ ಡ್ರಾಯರಿನಿಂದ ಚಾಕು ಎತ್ತಿಕೊಳ್ಳುವುದನ್ನು ಕಾಣಿಸುತ್ತದೆ. ಪಾತ್ರವೊಂದರ ಕಣ್ಣಿನ ಜಾಗದಲ್ಲೇ ಕ್ಯಾಮೆರಾವನ್ನು ನಿಲ್ಲಿಸಿ, ಆ ಪಾತ್ರ ಕಂಡಷ್ಟನ್ನೇ ನೋಡುಗನೂ ಕಾಣುವಂತೆ ಮಾಡುವ ಇಂಥ ಶಾಟ್ ಅನ್ನು ದೃಷ್ಟಿಕೋನದ ಶಾಟ್ ಎನ್ನುತ್ತಾರೆ. ಮಹಡಿಯ ಮೇಲೆ ಆ ಕೈ ಒಂದು ಮುಖವಾಡವನ್ನು ಎತ್ತಿ ಧರಿಸಿದ ಕೂಡಲೇ ತೆರೆಯೆಲ್ಲ ಕಪ್ಪಾಗಿ ಎರಡು ಕಣ್ಣುತೂತುಗಳಷ್ಟೇ ಉಳಿಯುತ್ತವೆ. ಕೊಲೆ ನಡೆದು, ಕ್ಯಾಮೆರಾ ಮನೆಯಿಂದ ಹೊರಬಂದ ಬಳಿಕ ತಂದೆ ಮುಖವಾಡವನ್ನು ತೆಗೆದಾಗಲೇ, ಅಂದರೆ ಸುಮಾರು ನಾಲ್ಕು ನಿಮಿಷ ತಡೆಹಿಡಿದ ಬಳಿಕ, ಚಾಕು ಹಿಡಿದು ನಿಂತವನು ಆರು ವರ್ಷದ ಹುಡುಗನೆಂದು ತಿಳಿಯುತ್ತದೆ. ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಆ ಗಳಿಗೆಯಲ್ಲೇ ‘ಯಾಕೆ’ ಎಂಬ ಇನ್ನೂ ದೊಡ್ಡ ಪ್ರಶ್ನೆ ಹುಟ್ಟಿಕೊಂಡಿರುವುದರಿಂದ ನೋಡುಗ ಏಳಲಾರ. ಒಂದೇ ಉಸಿರಿನ ಶಾಟ್‌ನಂತೆ ಕಾಣುವ ಇದರಲ್ಲಿ ಕತ್ತರಿ ಪ್ರಯೋಗವಿದೆ ಎಂಬುದನ್ನೂ, ಮುಖವಾಡ ಧರಿಸುವ ಕತ್ತಲ ಕ್ಷಣ ಅದನ್ನು ಮರೆಮಾಡಲು ನೆರವಾಗಿದೆ ಎಂಬುದನ್ನೂ ವಿದ್ಯಾರ್ಥಿ ತಾನೇ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಂಡುಕೊಳ್ಳಬೇಕು. ಓದಿ ತಿಳಿದದ್ದಕ್ಕಿಂತ ಹೀಗೆ ಕಂಡುಕೊಂಡದ್ದು ಚಿತ್ರೀಕರಣದ ದಿನ ಒದಗಿಬರುತ್ತದೆ.

ಡೇವಿಡ್ ಫಿಂಚರ್‌ನ ‘ಸೆವೆನ್’ (1995) ಇನ್ನೊಂದು ದಾರಿಯನ್ನು ತೋರಿಸುತ್ತದೆ. ಕೊಲೆಗಾರ ಚಿತ್ರದ ಬಹುಭಾಗ ಮುಗಿಯುವವರೆಗೂ ಮುಖ ತೋರಿಸುವುದಿಲ್ಲವಾದ್ದರಿಂದ, ಕೈಲ್ ಕೂಪರ್ ರೂಪಿಸಿದ ಶೀರ್ಷಿಕೆ ಭಾಗ ಅವನ ಕೈಗಳನ್ನೂ ಅವನು ಬರೆದು ಹೊಲಿದಿಡುವ ಪುಸ್ತಕಗಳನ್ನೂ ತೀರ ಹತ್ತಿರದಿಂದ ತೋರಿಸುತ್ತ ಅವನ ಮನಸ್ಸಿನ ಪರಿಚಯ ಮಾಡಿಕೊಡುತ್ತದೆ. ಬೆರಳ ತುದಿಯ ಚರ್ಮವನ್ನು ಬ್ಲೇಡಿನಿಂದ ಹೆರೆಯುವ ಶಾಟ್ ಅಲ್ಲಿ ಕ್ಷಣಮಾತ್ರ ಬಂದು ಹೋಗುತ್ತದೆ. ಬೆರಳಚ್ಚು ಸಿಗದಿರಲೆಂದು ಅವನು ಹಾಗೆ ಮಾಡುತ್ತಿದ್ದನೆಂಬುದು ಗೊತ್ತಾಗುವುದು ಬಹಳ ತಡವಾಗಿ. ಆ ಪುಸ್ತಕಗಳು ಬರಿಯ ರಟ್ಟಿನ ನಟನೆಯಾಗಿರದೆ ಕೈಬರಹದಿಂದ ತುಂಬಿದ ನಿಜವಾದ ಪುಟಗಳಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಈ ಶೀರ್ಷಿಕೆ ಭಾಗಕ್ಕೂ ಮೊದಲು ಒಂದು ಶಾಂತ ದೃಶ್ಯವಿದ್ದು, ಹಿರಿಯ ಪತ್ತೇದಾರ ಮೇಜಿನ ಮೇಲಿಟ್ಟ ಪೆನ್ನು, ಬ್ಯಾಡ್ಜು, ಚಾಕುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೊರಡುತ್ತಾನೆ. ಇಬ್ಬರೂ ಶಿಸ್ತಿನ ಮನುಷ್ಯರೆಂಬುದು ಮಾತಿಲ್ಲದೆ, ಎರಡು ಜೊತೆ ಕೈಗಳ ಮೂಲಕ ಸ್ಥಾಪಿತವಾಗುತ್ತದೆ. ಹಣವಿಲ್ಲದ ವಿದ್ಯಾರ್ಥಿ ತಂಡಕ್ಕೆ ಇದರಲ್ಲಿ ದೊಡ್ಡ ಪಾಠವಿದೆ: ಒಂದು ಮೇಜು, ಒಂದು ದೀಪ, ಸರಿಯಾಗಿ ಆರಿಸಿದ ಕೆಲವು ವಸ್ತುಗಳು ಸಾಕು, ಆದರೆ ಆ ವಸ್ತುಗಳ ಆಯ್ಕೆಯಲ್ಲಿ ಪಾತ್ರದ ಪೂರ್ವಕಥೆಯೆಲ್ಲ ಅಡಗಿರಬೇಕು.

ಸಂಶೋಧನೆಯೆಂದರೆ ಸಿನಿಮಾಗಳನ್ನು ನೋಡುವುದಷ್ಟೇ ಅಲ್ಲವೆಂಬುದಕ್ಕೆ ಕನ್ನಡದ್ದೇ ನಿದರ್ಶನ ಸಾಕು. ರಾಮ್ ರೆಡ್ಡಿ ನಿರ್ದೇಶನದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ಯ ಆರಂಭದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತ ಕೂತು, ಮೂತ್ರಕ್ಕೆಂದು ಎದ್ದು ಹೋಗಿ ಅಲ್ಲೇ ಕುಸಿದು ಸಾಯುತ್ತಾನೆ. ಊರು, ಭಾಷೆ, ಹಾಸ್ಯದ ಧಾಟಿ, ಸಾವನ್ನು ಆ ಜನ ಸ್ವೀಕರಿಸುವ ಬಗೆ, ಇಡೀ ಕಥೆಯನ್ನು ನಡೆಸುವ ಘಟನೆ ಎಲ್ಲವೂ ಆ ಕೆಲವೇ ನಿಮಿಷಗಳಲ್ಲಿ ಬಂದಿವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಊರಿನವರೇ ಆದ ಈರೇಗೌಡರ ಜೊತೆಗೂಡಿ, ಅಲ್ಲಿನ ಜನರನ್ನು ಕಂಡು ಆರಿಸಿಕೊಂಡು ಅವರಿಗೆ ತಕ್ಕಂತೆ ಕಥೆ ಹೆಣೆದದ್ದರಿಂದಲೇ ಆ ಬೈಗುಳಕ್ಕೆ ಅಂಥ ಜೀವ ಬಂದಿದೆ. ಲಂಡನ್ನಿನ ಹೊರವಲಯದ ವಿದ್ಯಾರ್ಥಿಗಳು ಹಾಲಿವುಡ್ಡಿನ ಪೊಲೀಸರನ್ನು ಅನುಕರಿಸುವುದಕ್ಕಿಂತ ತಮ್ಮ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತು ಕಿವಿಗೊಡುವುದು ಹೆಚ್ಚು ಫಲ ಕೊಡುವ ಸಂಶೋಧನೆ.

ಶೀರ್ಷಿಕೆಗಳ ವಿಷಯ ಹಲವರಿಗೆ ಕೊನೆಯ ಗಳಿಗೆಯಲ್ಲಿ ನೆನಪಾಗುತ್ತದೆ. ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958) ಕಾರಿನಲ್ಲಿ ಬಾಂಬ್ ಇಡುವುದರಿಂದ ಆರಂಭವಾಗಿ ಮೂರು ನಿಮಿಷಕ್ಕೂ ಹೆಚ್ಚು ಕಾಲ ಕತ್ತರಿಯಿಲ್ಲದೆ ಸಾಗುವ ಶಾಟ್‌ನಿಂದ ಹೆಸರಾಗಿದೆ. ನಿರ್ಮಾಣ ಸಂಸ್ಥೆ ಅದರ ಮೇಲೆ ಹೆಸರುಗಳನ್ನೂ ಹೆನ್ರಿ ಮಾನ್ಸಿನಿಯ ಸಂಗೀತವನ್ನೂ ಹೇರಿತು. ವೆಲ್ಸ್ ಬರೆದಿಟ್ಟ 58 ಪುಟಗಳ ಟಿಪ್ಪಣಿಯನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಚಿತ್ರವನ್ನು ಮರುಸಂಕಲಿಸಿದಾಗ ಹೆಸರುಗಳು ಹೋಗಿ, ಬೀದಿಯ ಅಂಗಡಿ, ಕಾರುಗಳಿಂದ ಹೊಮ್ಮುವ ಬೇರೆ ಬೇರೆ ಸಂಗೀತ ಕೇಳಿಸತೊಡಗಿತು. ಎರಡನ್ನೂ ಅಕ್ಕಪಕ್ಕದಲ್ಲಿ ನೋಡಿದರೆ, ಅಕ್ಷರ ಬಂದ ಕಡೆಗೆ ಕಣ್ಣು ಹೋಗುತ್ತದೆಂಬುದು, ಕಾರಿನ ಮೇಲೆ ನೆಟ್ಟಿರಬೇಕಾದ ಗಮನ ಚದುರುತ್ತದೆಂಬುದು ಸ್ಪಷ್ಟವಾಗುತ್ತದೆ. ಹೀಗಾಗಿ ಯಾವ ಹೆಸರು ಎಷ್ಟನೆಯ ಸೆಕೆಂಡಿಗೆ, ಚೌಕಟ್ಟಿನ ಯಾವ ಮೂಲೆಯಲ್ಲಿ ಬರಬೇಕೆಂಬುದನ್ನು ಶಾಟ್‌ಗಳನ್ನು ಯೋಚಿಸುವಾಗಲೇ ನಿರ್ಧರಿಸಿ ಅದಕ್ಕೆ ಖಾಲಿ ಜಾಗ ಬಿಟ್ಟಿರಬೇಕು.

ಇವೆಲ್ಲ ಕಾಗದಕ್ಕೆ ಇಳಿಯುವುದು ಸ್ಟೋರಿಬೋರ್ಡಿನಲ್ಲಿ, ಅಂದರೆ ಪ್ರತಿ ಶಾಟ್‌ಗೂ ಒಂದು ಚಿತ್ರ ಬರೆದು, ಅದರ ಅವಧಿ, ಧ್ವನಿ, ಕ್ಯಾಮೆರಾದ ಚಲನೆಗಳನ್ನು ಕೆಳಗೆ ನಮೂದಿಸಿದ ಹಾಳೆಗಳಲ್ಲಿ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಆ ಚಿತ್ರಗಳನ್ನು ನಿಗದಿತ ಅವಧಿಗೆ ಜೋಡಿಸಿ, ತಾತ್ಕಾಲಿಕ ಧ್ವನಿಯೊಂದಿಗೆ ಓಡಿಸಿದರೆ ಅದು ಅನಿಮ್ಯಾಟಿಕ್. ಮೂರು ನಿಮಿಷದ ವಿಚಾರವನ್ನು ಎರಡು ನಿಮಿಷಕ್ಕೆ ತುರುಕಿದ್ದರೆ ಅದು ಇಲ್ಲಿಯೇ ಖರ್ಚಿಲ್ಲದೆ ಬಯಲಾಗುತ್ತದೆ. ಓಸಿಆರ್ ಪಠ್ಯಕ್ರಮ ಮುಖ್ಯ ಕೆಲಸಕ್ಕೆ ಮೊದಲು ಒಂದು ಪೂರ್ವಾಭ್ಯಾಸವನ್ನೂ ಕೇಳುತ್ತಿತ್ತು: ಒಬ್ಬ ವ್ಯಕ್ತಿ ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕೂತು ಒಂದೆರಡು ಮಾತಾಡುವುದು. ನೋಡಲು ಸರಳವಾದ ಇದರಲ್ಲಿ ಸಂಕಲನದ ಅಡಿಪಾಯವೇ ಇದೆ. ಹಿಡಿಕೆ ತಿರುಗಿಸುವ ಕ್ರಿಯೆ ಹೊರಗಿನ ಶಾಟ್‌ನಲ್ಲಿ ಆರಂಭವಾಗಿ ಒಳಗಿನ ಶಾಟ್‌ನಲ್ಲಿ ಮುಂದುವರಿದರೆ ಕತ್ತರಿಸಿದ್ದು ಕಣ್ಣಿಗೆ ಬೀಳುವುದಿಲ್ಲ. ಮಾತಾಡುವ ಇಬ್ಬರ ನಡುವೆ ಒಂದು ಗೆರೆಯನ್ನು ಊಹಿಸಿಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕೆಂಬುದು 180 ಡಿಗ್ರಿ ನಿಯಮ. ಗೆರೆ ದಾಟಿದರೆ ಎದುರುಬದುರು ಕೂತವರು ತೆರೆಯ ಮೇಲೆ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಾಣುತ್ತಾರೆ.

ಚಿತ್ರೀಕರಣದ ಜಾಗವನ್ನು ಮುಂಚಿತವಾಗಿ ನೋಡಿಬರುವುದಕ್ಕೆ ರೆಕ್ಕಿ ಎನ್ನುತ್ತಾರೆ. ಚಿತ್ರೀಕರಣ ನಡೆಯಲಿರುವ ಹೊತ್ತಿಗೇ ಹೋಗಿ ಬೆಳಕು ಎಲ್ಲಿಂದ ಬೀಳುತ್ತದೆ, ವಿದ್ಯುತ್ ಸಂಪರ್ಕ ಎಲ್ಲಿದೆ, ಪಕ್ಕದ ರಸ್ತೆಯ ಸದ್ದು ಎಷ್ಟು, ಯಾರ ಅನುಮತಿ ಬೇಕು ಎಂಬುದನ್ನು ಬರೆದುಕೊಳ್ಳದಿದ್ದರೆ ರೆಕ್ಕಿ ಬರಿಯ ತಿರುಗಾಟವಾಗುತ್ತದೆ. ಚಿತ್ರೀಕರಣದ ಅನುಕ್ರಮವೂ ಕಥೆಯ ಅನುಕ್ರಮವಾಗಿರಬೇಕಿಲ್ಲ: ‘ಹ್ಯಾಲೊವೀನ್’ ತಂಡ ಹಾಳುಬಿದ್ದ ಮನೆಯೊಂದನ್ನು ಅದು ಇದ್ದಂತೆಯೇ ಬಳಸಿಕೊಂಡು, ಎಲ್ಲ ಮುಗಿದ ಮೇಲೆ ತಾನೇ ಬಣ್ಣ ಬಳಿದು ಒಪ್ಪಮಾಡಿ ಆರಂಭದ ದೃಶ್ಯವನ್ನು ಕೊನೆಗೆ ತೆಗೆಯಿತು. ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿ ಚಿದಾನಂದ ಎಸ್. ನಾಯ್ಕ ಕನ್ನಡದಲ್ಲಿ ಮಾಡಿದ, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಕಿರುಚಿತ್ರ ಕೋಳಿಯನ್ನು ಮುದುಕಿ ಹೊತ್ತೊಯ್ದ ಊರಿನಲ್ಲಿ ಸೂರ್ಯನೇ ಹುಟ್ಟದ ಜನಪದ ಕಥೆಯದ್ದಾಗಿದ್ದು, ಅದಕ್ಕೆ ಸಿಕ್ಕ ಚಿತ್ರೀಕರಣದ ದಿನಗಳು ನಾಲ್ಕೇ. ಕಥೆಯೇ ಕತ್ತಲನ್ನು ಬೇಡುವಾಗ ಪ್ರತಿಯೊಂದು ದೀಪದ ಜಾಗವನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ಅಷ್ಟು ಕಡಿಮೆ ಅವಧಿಯಲ್ಲಿ ಕೆಲಸ ಮುಗಿಯುವುದಿಲ್ಲ.