ಕೆಂಪಿನಾಚೆಯ ಬೆಳಕಿಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಸೀಮೆಯಲ್ಲಿ ಬೆಳಗಾದರೆ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು. ಲ್ಯಾಕ್ಟೋಮೀಟರ್ ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು ಎಂಬುದು ನಿಂತ ಕಾಲಲ್ಲೇ ಗೊತ್ತಾಗುತ್ತದೆ. ಬಟವಾಡೆ ನಿಂತಿರುವುದೂ ಅದರ ಮೇಲೆಯೇ. ಬ್ಯಾಕ್ಟೀರಿಯಾ ಸಂಗತಿ ಹಾಗಲ್ಲ. ಪ್ರಯೋಗಾಲಯದಲ್ಲಿ ಹಾಲಿಗೆ ಮೆಥಿಲೀನ್ ನೀಲಿ ಬೆರೆಸಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ನೀಲಿ 5 ಗಂಟೆ ನಿಂತರೆ ಹಾಲು ಬಲು ಚೆನ್ನ. ಅರ್ಧ ಗಂಟೆಯೊಳಗೆ ಬಿಳುಚಿದರೆ ಕೆಟ್ಟದ್ದು. ಬ್ಯಾಕ್ಟೀರಿಯಾ ಹೆಚ್ಚೋ ಕಡಿಮೆಯೋ ಎಂದು ತೋರಿದರೂ, ಯಾವ ಬ್ಯಾಕ್ಟೀರಿಯಾ ಎಂದು ಆ ನೀಲಿ ಹೇಳುವುದಿಲ್ಲ. ಸಾಲ್ಮೊನೆಲ್ಲಾವೋ ಲಿಸ್ಟೀರಿಯಾವೋ ತಿಳಿಯಲು ತಟ್ಟೆಯಲ್ಲಿ ಬೆಳೆಸಿ, ಪರೀಕ್ಷೆಯ ಮೇಲೆ ಪರೀಕ್ಷೆ ಮುಗಿಸುವಷ್ಟರಲ್ಲಿ ದಿನಗಳೇ ಉರುಳುತ್ತವೆ. ಹಾಲು ಅಷ್ಟರಲ್ಲಿ ಮೊಸರಾಗಿ, ಮಜ್ಜಿಗೆಯಾಗಿ ಹೊಟ್ಟೆ ಸೇರಿರುತ್ತದೆ!

ಈ ಕಾಯುವಿಕೆಗೆ ಕತ್ತರಿ ಹಾಕಿದ್ದು ಇನ್‌ಫ್ರಾರೆಡ್ ಬೆಳಕು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನಾಚೆ ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟರು. ಪಾದರಸ ಏರಿತು. ಆ ಕಾಣದ ಬೆಳಕಿನಲ್ಲಿ ಒಂದೊಂದು ಬಗೆಯ ಅಣು ತನಗೆ ಒಗ್ಗುವ ಅಲೆಯನ್ನಷ್ಟೇ ನುಂಗುತ್ತದೆ: ಹಾಲಿನ ಕೊಬ್ಬು 5.7 ಮೈಕ್ರಾನ್, ಪ್ರೋಟೀನು 6.5, ಲ್ಯಾಕ್ಟೋಸ್ 9.6. ಬ್ರಿಟನ್ನಿನ ಗೌಲ್ಡನ್ 1964ರಲ್ಲಿ ಇದನ್ನೇ ಹಿಡಿದು ಹಾಲು ಅಳೆಯುವ ದಾರಿ ತೋರಿದರು.

ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಎಲ್ಲವೂ ಅದೇ ಪ್ರೋಟೀನು, ಅದೇ ಕೊಬ್ಬು, ಅದೇ ಸಕ್ಕರೆಗಳ ಮೂಟೆ. 1950ರ ದಶಕದಲ್ಲಿ ಪ್ರಯತ್ನಿಸಿದವರಿಗೆ, ಯಾವ ಅಲೆಯನ್ನು ಎಷ್ಟು ನುಂಗಿತೆಂದು ತೋರುವ ಒಂದರ ಗೆರೆ ಇನ್ನೊಂದರಂತೆಯೇ ಕಂಡಿತು. ಬೆರೆತ ಅಲೆಗಳನ್ನು ಬಿಡಿಸುವ ಫೂರಿಯೆ ಗಣಿತ ಮತ್ತು ಕಂಪ್ಯೂಟರ್ ಕೂಡಿದ ಮೇಲೆ ಸೂಕ್ಷ್ಮ ವ್ಯತ್ಯಾಸಗಳು ಕಣ್ಣಿಗೆ ಬಿದ್ದವು. ಬರ್ಲಿನ್ನಿನ ರಾಬರ್ಟ್ ಕಾಖ್ ಸಂಸ್ಥೆಯ ಡೀಟರ್ ನೌಮನ್ ಮತ್ತು ಸಂಗಡಿಗರು 1991ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವಿಧಾನವನ್ನು ಜಗತ್ತಿನ ಮುಂದಿಟ್ಟರು. ಬೆಳೆದ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಬಳಿದು ಒಣಗಿಸಿ ಬೆಳಕು ಹಾಯಿಸಬೇಕು. ಮುಖ್ಯವಾಗಿ ಹೊರಕವಚದ ಸಕ್ಕರೆಗಳು ಅದರ ಗುರುತು ಬಿಟ್ಟುಕೊಡುತ್ತವೆ.

'ನಿಮಿಷಗಳಲ್ಲಿ ಪತ್ತೆ' ಎಂಬ ಜಾಹೀರಾತಿನ ಮಾತಿನಲ್ಲಿ ಕೊಂಚ ನೀರು ಬೆರೆತಿದೆ. ಯಂತ್ರಕ್ಕೆ ನಿಮಿಷ ಸಾಕು. ತಟ್ಟೆಯಲ್ಲಿ ಬೆಳೆಯಲು ಬ್ಯಾಕ್ಟೀರಿಯಾಕ್ಕೆ ಒಂದು ರಾತ್ರಿಯಾದರೂ ಬೇಕು. ಆಹಾರ, ಶಾಖ, ಹೊತ್ತು ಬದಲಾದರೆ ಗೆರೆಯೂ ಬದಲಾಗುತ್ತದೆ. ಇನ್ನು, ಮೊದಲೇ ತೋರಿಸಿಟ್ಟ ಮುಖವನ್ನಷ್ಟೇ ಯಂತ್ರ ಗುರುತಿಸಬಲ್ಲದು. ಹಾಗಾಗಿ ದುಬಾರಿ ಯಂತ್ರಕ್ಕಿಂತ ಮೊದಲು ನಮ್ಮ ಹಾಲು, ನಮ್ಮ ಕೊಟ್ಟಿಗೆಗಳ ಬ್ಯಾಕ್ಟೀರಿಯಾಗಳ ಗೆರೆಗಳನ್ನು ಕೂಡಿಹಾಕಬೇಕು ಎಂಬುದು ನನ್ನ ಹಟ. 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪಕ್ಕದ ಮೈಸೂರಿನಲ್ಲೇ ಇದೆ; ಹಾಲು ನಮ್ಮ ಡೇರಿಗಳಲ್ಲಿದೆ.

ಅಲ್ಲಿಯವರೆಗೆ, ಹಸಿ ಹಾಲು ತರುವವರು ಅದನ್ನು ಉಕ್ಕಿ ಬರುವಂತೆ ಕಾಯಿಸಿಯೇ ಕುಡಿಯಿರಿ.