ಸರಕು ಎಂಬ ಮಾತಿನ ತೂಕ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಪೇಟೆಗಳಲ್ಲಿ ದಿನವಿಡೀ ಕಿವಿಗೆ ಬೀಳುವ ಶಬ್ದವು 'ಮಾಲು'. ಹಾವೇರಿಯ ಏಲಕ್ಕಿಯೂ ಮಾಲು, ರಾಣೇಬೆನ್ನೂರಿನ ಹತ್ತಿ-ಗೋವಿನಜೋಳಗಳೂ ಮಾಲು, ಬ್ಯಾಡಗಿಯ ಮೆಣಸಿನಕಾಯಿಯೂ ಮಾಲು. ಈ ಮಾತು ಅರಬ್ಬೀ ಭಾಷೆಯದು. ಅಲ್ಲಿ ಅದಕ್ಕೆ ಸೊತ್ತು, ಸಂಪತ್ತು ಎಂದರ್ಥ. 'ಜಿನಸು' ಕೂಡ ಅಲ್ಲಿಂದಲೇ ಬಂದುದು. 'ಕಿರಾಣಿ'ಯ ಮೂಲವು ಸಂಸ್ಕೃತದ 'ಕ್ರಯಾಣಕ', ಅಂದರೆ ಮಾರಾಟದ ವಸ್ತು. ಬಂದ ಮಾತುಗಳನ್ನು ಹೊರಗಟ್ಟಬೇಕೆಂದು ನಾವು ಹೇಳುವದಿಲ್ಲ; ವ್ಯಾಪಾರಕ್ಕೆ ಮಡಿ-ಮೈಲಿಗೆ ಸಲ್ಲದು. ಆದರೆ ಮನೆಯ ಮಾತಾದ 'ಸರಕು' ನಮಗೆ ಏನು ಹೇಳುತ್ತಿರುವದೆಂಬದನ್ನು ಕೇಳಿಸಿಕೊಳ್ಳುವದು ಯುಕ್ತ.

ಸರಕು ದ್ರಾವಿಡ ಕುಲದ ಶಬ್ದ. ತೆಲುಗಿನಲ್ಲಿಯೂ ಅದು ಸರಕೇ, ತಮಿಳಿನಲ್ಲಿ 'ಚರಕ್ಕು'. ತಮಿಳರು ಅಡಿಗೆಯ ಸಂಬಾರಕ್ಕೂ ಔಷಧದ್ರವ್ಯಕ್ಕೂ ಅದೇ ಹೆಸರನ್ನಿಡುವರು. ನಮ್ಮಲ್ಲಿ 'ಅವನ ಮಾತಿನಲ್ಲಿ ಸರಕಿಲ್ಲ' ಎಂದರೆ ಸತ್ವವಿಲ್ಲವೆಂದು ಅರ್ಥ. ಇದಕ್ಕೂ ಮಿಗಿಲಾದುದು ಹಳೆಯ ಕಾವ್ಯಗಳ ಪ್ರಯೋಗ. ಅಲ್ಲಿ 'ಸರಕುಮಾಡು' ಎಂದರೆ ಲಕ್ಷಿಸು, ಗಣನೆಗೆ ತಂದುಕೊಳ್ಳು. ವೀರನೊಬ್ಬನು ವೈರಿಯನ್ನು ಸರಕುಮಾಡದೆ ನುಗ್ಗಿದನೆಂದರೆ, ಅವನನ್ನು ಲೆಕ್ಕಿಸಲಿಲ್ಲವೆಂದು ತಿಳಿಯಬೇಕು. ಹೀಗೆ ವಸ್ತುವೂ ಅದಕ್ಕೆ ಸಲ್ಲುವ ಗಣನೆಯೂ ಒಂದೇ ಶಬ್ದದಲ್ಲಿ ಕೂಡಿಕೊಂಡಿವೆ.

ಮಾಲಿನ ಕಥೆ ಬೇರೆ. 'ಮಾಲೀಕ'ನು ಅದರಿಂದಲೇ ಹುಟ್ಟಿದನೆಂದು ಅನೇಕರ ನಂಬುಗೆ. ಅದು ನಿಜವಲ್ಲ, ಅರಬ್ಬಿಯಲ್ಲಿ ಎರಡರ ಧಾತುಗಳೂ ಬೇರೆಬೇರೆ. ಪೇಟೆಯ ಅಂಗಳದಲ್ಲಿಯೂ ಮಾಲಿಗೂ ಅದರ ಒಡೆಯನಿಗೂ ನಂಟು ಕಡಿಯುವದನ್ನು ಕಾಣುತ್ತೇವಲ್ಲವೆ? ಬೆಳೆದವನು ಚೀಲವನ್ನಿಳಿಸಿ ನಿಲ್ಲುತ್ತಾನೆ. ಬೆಲೆಯನ್ನು ಇನ್ನೊಬ್ಬರು ಬರೆಯುತ್ತಾರೆ.

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಅದರಿಂದ ತೆಗೆದ ಬಣ್ಣದ ಸತ್ವವು ತಿನಿಸುಗಳಿಗೂ ತುಟಿಯ ರಂಗಿಗೂ ಸೇರುತ್ತದೆ. ಇಂಥ ಕೀರ್ತಿಯ ಪೇಟೆಯಲ್ಲಿಯೇ 2024ರ ಮಾರ್ಚ್ 11ರಂದು, ದರ ಕುಸಿಯಿತೆಂದು ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿದ್ದಿತು. ಬೆಂಕಿಯಿಡುವದನ್ನು ಯಾವ ವಿವೇಕಿಯೂ ಮೆಚ್ಚಲಾರನು. ಆದರೆ ದರವು ಏಕೆ ಇಳಿಯಿತೆಂಬದನ್ನು ಬೆಳೆದವನಿಗೆ ಮುಂಚಿತವಾಗಿ, ಮನಗಾಣುವಂತೆ ಹೇಳುವ ಹೊಣೆ ಪೇಟೆಯವರಿಗಿಲ್ಲವೆ? ತನ್ನನ್ನು ಯಾರೂ ಸರಕುಮಾಡಲಿಲ್ಲವೆಂಬ ನೋವು ದರದ ನಷ್ಟಕ್ಕಿಂತ ಕಡಿಮೆಯದಲ್ಲ.

2017ರ ಜುಲೈ 1ರಂದು 'ಸರಕು ಮತ್ತು ಸೇವಾ ತೆರಿಗೆ' ಬಂದ ಮೇಲೆ ಈ ಹಳೆಯ ಶಬ್ದವು ಪ್ರತಿಯೊಂದು ಅಂಗಡಿಯ ಬಾಯಿಗೂ ಮರಳಿ ಬಂದಿದೆ. ಶಬ್ದದ ಒಂದರ್ಥವು ಬಂದಿತು, ಇನ್ನೊಂದು ಹಿಂದುಳಿಯಿತು. ತೂಕವು ಒಡೆಯನ ಕಣ್ಣೆದುರಿನಲ್ಲಾಗಲಿ, ದರದ ಕಾರಣವು ಬಯಲಾಗಲಿ, ಹಣವು ತಡವಿಲ್ಲದೆ ಕೈಸೇರಲಿ. ಅಂದು ಬೆಳೆಯೊಡನೆ ಬೆಳೆದವನನ್ನೂ ಸರಕುಮಾಡಿದಂತಾಗುವದು.